ಕಾಲೇಜು ಪಿಚರ್‌ಗೆ ಯಾವ ರಾಡಾರ್ ಗನ್? ಡ್ರಾಫ್ಟ್ ದಾರಿಯಲ್ಲಿ ಇಟ್ಟು ಅಳೆದ ವಿಮರ್ಶೆ

ಅಮೆರಿಕದ ಕಾಲೇಜು ಬೇಸ್‌ಬಾಲ್, ಶುಕ್ರವಾರದ ಸಂಜೆ. ಚೆಂಡೆಸೆಯುವ ಪಿಚರ್ ಕಾಲೆತ್ತಿದ ಕೂಡಲೇ, ಬ್ಯಾಟ್ಸ್‌ಮನ್ ನಿಲ್ಲುವ ಹೋಮ್ ಪ್ಲೇಟ್ ಹಿಂದಿನ ಸಾಲಿನಲ್ಲಿ ಸ್ಕೌಟ್‌ಗಳ (ವೃತ್ತಿಪರ ತಂಡಗಳಿಗೆ ಆಟಗಾರರನ್ನು ಹುಡುಕುವವರ) ಹತ್ತಾರು ಕೈಗಳು ಒಟ್ಟಿಗೆ ಮೇಲೇಳುತ್ತವೆ, ಪ್ರತಿ ಕೈಯಲ್ಲೂ ಚೆಂಡಿನ ವೇಗ ಅಳೆಯುವ ಒಂದು ರಾಡಾರ್ ಗನ್. ಚೆಂಡು ಗ್ಲೌಸ್ ಸೇರಿದ ಮೇಲೆ ತಲೆಗಳು ಒಟ್ಟಿಗೆ ಬಗ್ಗುತ್ತವೆ, ಪುಟ್ಟ ಕಾರ್ಡುಗಳ ಮೇಲೆ ಎರಡಂಕಿಯ ಸಂಖ್ಯೆ ಬೀಳುತ್ತದೆ. ಇಡೀ ಕ್ರೀಡಾಂಗಣದಲ್ಲಿ ಆ ಹುಡುಗನ ಭವಿಷ್ಯದ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಬಗ್ಗೆ ಅಷ್ಟು ಸಣ್ಣದಾಗಿ, ಅಷ್ಟು ಗಟ್ಟಿಯಾಗಿ ಮಾತಾಡುವ ವಸ್ತು ಇನ್ನೊಂದಿಲ್ಲ. ಹಾಗಾಗಿಯೇ ಈಗ ಪಿಚರ್‌ಗಳೂ ಅವರ ಮನೆಯವರೂ ಸ್ವಂತಕ್ಕೊಂದು ಗನ್ ಕೊಳ್ಳುತ್ತಿದ್ದಾರೆ. ಕೊಳ್ಳಬೇಕೇ, ಕೊಂಡರೆ ಯಾವುದು, ಕೊಂಡ ಮೇಲೆ ಅದು ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದು ಇಲ್ಲಿನ ವಿಷಯ.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಒಬ್ಬ ಪಿಚರ್‌ನ ಸ್ವಂತ ಬಳಕೆಗೆ ಜೇಬಿನಲ್ಲಿ ಹಿಡಿಯುವ ಪಾಕೆಟ್ ರಾಡಾರ್ ಸ್ಮಾರ್ಟ್ ಕೋಚ್ ಸಾಕು, ಬೆಲೆ ಸುಮಾರು 400 ಡಾಲರ್. ಸ್ಕೌಟ್‌ಗಳ ಕೈಯಲ್ಲಿ ಹೆಚ್ಚಾಗಿ ಕಾಣುವ ಪಿಸ್ತೂಲಿನಾಕಾರದ ಸ್ಟಾಕರ್ ಪ್ರೊ ಸರಣಿ ಸಾವಿರ ಡಾಲರ್‌ನ ಆಚೀಚೆ ನಿಲ್ಲುತ್ತದೆ. ಅದು ತಂಡ ಕೊಳ್ಳಬೇಕಾದ ಸಾಮಾನು. ಚೆಂಡಿನ ತಿರುಗುವಿಕೆಯನ್ನೂ ಅಳೆಯುವ ರ‍್ಯಾಪ್ಸೋಡೊದಂಥ ಘಟಕವನ್ನು ಒಬ್ಬನೇ ಕೊಂಡರೆ ಮೂಗಿಗಿಂತ ಮೂಗುತಿ ಭಾರ.

ಗನ್ ಮಾಡುವ ಕೆಲಸ ಸರಳ. ಅದು ಮೈಕ್ರೋವೇವ್ ಅಲೆ ಬಿಡುತ್ತದೆ. ತನ್ನತ್ತ ಬರುತ್ತಿರುವ ಚೆಂಡಿಗೆ ತಾಗಿ ಮರಳಿದ ಅಲೆಯ ಆವರ್ತನ ಸ್ವಲ್ಪ ಏರಿರುತ್ತದೆ, ಆ ಏರಿಕೆಯೇ ವೇಗ. ಕೆ-ಬ್ಯಾಂಡ್‌ನ 24.15 ಗಿಗಾಹರ್ಟ್ಸ್ ಗನ್ನಿನಲ್ಲಿ ಗಂಟೆಗೆ ಒಂದು ಮೈಲಿ ವೇಗ ಎಂದರೆ ಸುಮಾರು 72 ಹರ್ಟ್ಸ್ ವ್ಯತ್ಯಾಸ. ಕೆಎ-ಬ್ಯಾಂಡ್‌ನ 34.7 ಗಿಗಾಹರ್ಟ್ಸ್‌ನಲ್ಲಾದರೆ ಅದೇ ಮೈಲಿಗೆ ಸುಮಾರು 103.5. ಇದನ್ನು ತಿಳಿದಿರಬೇಕಾದ್ದು ಪಾಂಡಿತ್ಯಕ್ಕಲ್ಲ, ಗನ್ ಸರಿಯಿದೆಯೇ ಎಂದು ನೋಡುವ ಶ್ರುತಿಕವೆಯ (ಟ್ಯೂನಿಂಗ್ ಫೋರ್ಕ್) ಸಲುವಾಗಿ. 55 ಮೈಲಿ ಎಂದು ಬರೆದಿರುವ ಕೆ-ಬ್ಯಾಂಡ್ ಕವೆ ಸೆಕೆಂಡಿಗೆ ಸುಮಾರು 3,960 ಬಾರಿ ಕಂಪಿಸುತ್ತದೆ. ಅದನ್ನು ರಬ್ಬರ್ ಅಂಚಿಗೆ ಅಥವಾ ಮರಕ್ಕೆ ಬಡಿದು (ಕಲ್ಲು, ಕಬ್ಬಿಣಕ್ಕೆ ಬಡಿದರೆ ಕವೆಗೇ ಪೆಟ್ಟು) ಗನ್ನಿನ ಮುಂದೆ ಎರಡು ಮೂರು ಇಂಚು ದೂರದಲ್ಲಿ ಹಿಡಿದರೆ 55 ತೋರಿಸಬೇಕು. ಅದೇ ಕವೆಯನ್ನು ಕೆಎ-ಬ್ಯಾಂಡ್ ಗನ್ನಿಗೆ ಹಿಡಿದರೆ 38 ಬರುತ್ತದೆ. ಗನ್ ಕೆಟ್ಟಿದೆ ಎಂದು ಆಗ ಗಾಬರಿಯಾಗಬೇಕಿಲ್ಲ, ಕವೆ ಬೇರೆ ಬ್ಯಾಂಡಿನದು, ಅಷ್ಟೇ. ಹಳೆಯ ಪಿಸ್ತೂಲ್ ಗನ್ನನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಜೊತೆಗಿನ ಕವೆಯನ್ನೂ ಕೇಳಿ ಪಡೆಯುವುದು ಒಳ್ಳೆಯದು.

ನಿಜವಾದ ತಪ್ಪುಗಳು ಆಗುವುದು ಗನ್ನಿನ ಒಳಗಲ್ಲ, ಹಿಡಿದವರು ನಿಂತ ಜಾಗದಲ್ಲಿ. ಚೆಂಡು ನೇರವಾಗಿ ತನ್ನತ್ತ ಬಂದಾಗ ಮಾತ್ರ ಗನ್ ಪೂರ್ತಿ ವೇಗ ಓದುತ್ತದೆ. ಪಕ್ಕಕ್ಕೆ ಸರಿದಷ್ಟೂ ಓದು ಕಡಿಮೆಯಾಗುತ್ತದೆ, ಕೋನದ ಕೊಸೈನ್ ಲೆಕ್ಕದಲ್ಲಿ. ಒಂದು ಉದಾಹರಣೆ: ಪ್ಲೇಟಿನಿಂದ 50 ಅಡಿ ಹಿಂದೆ, ಮಧ್ಯರೇಖೆಯಿಂದ 20 ಅಡಿ ಬಲಕ್ಕೆ ಕುಳಿತಿದ್ದೀರಿ ಎಂದುಕೊಳ್ಳಿ. ಪಿಚರ್ ಚೆಂಡು ಬಿಡುವುದು ಪ್ಲೇಟಿನಿಂದ ಹೆಚ್ಚುಕಡಿಮೆ 54 ಅಡಿ ದೂರದಲ್ಲಿ. ಅವನು ನಿಲ್ಲುವ ದಿಬ್ಬದ (ಮೌಂಡ್) ರಬ್ಬರ್ ಪಟ್ಟಿ ಇರುವುದು 60 ಅಡಿ 6 ಇಂಚು ದೂರದಲ್ಲಾದರೂ ಚೆಂಡು ಕೈಬಿಡುವ ಹೊತ್ತಿಗೆ ಅವನ ಕೈ ಆರೂವರೆ ಅಡಿ ಮುಂದೆ ಬಂದಿರುತ್ತದೆ. ಆ ಕ್ಷಣದ ಕೋನ ಸುಮಾರು 11 ಡಿಗ್ರಿ. 95 ಮೈಲಿಯ, ಅಂದರೆ 153 ಕಿಲೋಮೀಟರಿನ ಎಸೆತ ಗನ್ನಿಗೆ 93.3 ಆಗಿ ಕಾಣುತ್ತದೆ. ಚೆಂಡು ಪ್ಲೇಟಿಗೆ ಬರುವಷ್ಟರಲ್ಲಿ ಕೋನ 22 ಡಿಗ್ರಿಗೆ ಹಿಗ್ಗಿರುತ್ತದೆ. ಅಲ್ಲಿನ ನಿಜವಾದ 87ರ ವೇಗ 81ರ ಹತ್ತಿರ ತೋರುತ್ತದೆ. ಅಷ್ಟೇ ಎತ್ತರದ ಗ್ಯಾಲರಿಯಲ್ಲಿ ಕುಳಿತರೂ ಲೆಕ್ಕ ಇದೇ. ಒಂದೂವರೆ ಮೈಲಿ ಏನು ಮಹಾ ಎನ್ನಿಸಬಹುದು, ಆದರೆ 93 ಮತ್ತು 95ರ ನಡುವೆ ಡ್ರಾಫ್ಟ್‌ನ ಎಷ್ಟೋ ಸುತ್ತುಗಳ ಅಂತರ ಇರುತ್ತದೆ.

ಗಮನಿಸಿ, ಈ ದೋಷ ಯಾವತ್ತೂ ಕಡಿಮೆಯನ್ನೇ ತೋರಿಸುತ್ತದೆ, ಹೆಚ್ಚನ್ನು ತೋರಿಸುವುದಿಲ್ಲ. ಹಾಗಾಗಿ ಒಂದೇ ಎಸೆತಕ್ಕೆ ಎರಡು ಒಳ್ಳೆಯ ಗನ್‌ಗಳು ಬೇರೆ ಬೇರೆ ಓದಿದರೆ, ಸಾಮಾನ್ಯವಾಗಿ ಹೆಚ್ಚು ಓದಿದ್ದೇ ಸರಿಯಾದ ಜಾಗದಲ್ಲಿದೆ. ಹೆಚ್ಚು ತೋರಿಸುವ ತಪ್ಪುಗಳು ಬೇರೆ ಕಡೆಯಿಂದ ಬರುತ್ತವೆ. ಬ್ಯಾಟ್ ತಾಗಿ ವಾಪಸ್ಸು ಹೋಗುವ ಚೆಂಡು ಎಸೆತಕ್ಕಿಂತ ವೇಗವಾಗಿರಬಹುದು. ಗನ್ ಎರಡೂ ದಿಕ್ಕುಗಳನ್ನು ಓದುವಂತೆ ಇಟ್ಟಿದ್ದರೆ 88ರ ಸ್ಲೈಡರ್ (ಪಕ್ಕಕ್ಕೆ ಜಾರುವ ಎಸೆತ) 101 ಆಗಿ ದಾಖಲಾಗುತ್ತದೆ, ಹುಡುಗನ ತಂದೆ ಅದನ್ನೇ ಫೋಟೊ ತೆಗೆದು ಹಂಚುತ್ತಾರೆ. ಪಿಸ್ತೂಲ್ ಗನ್‌ನಲ್ಲಿ ಮೊದಲು ಮಾಡಬೇಕಾದ ಕೆಲಸ ದಿಕ್ಕನ್ನು 'ಒಳಬರುವ' ಎಂದು ಕಟ್ಟುವುದು, ಎರಡನೆಯದು ಕನಿಷ್ಠ ವೇಗವನ್ನು 60ರ ಸುಮಾರಿಗೆ ಇಡುವುದು. ಇಷ್ಟಾದರೆ ಪ್ಲೇಟಿನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ವಾಪಸ್ಸು ಎಸೆಯುವ ಚೆಂಡು, ಮುಂದೆ ಹಾದುಹೋಗುವ ಜನ, ಬ್ಯಾಟ್ಸ್‌ಮನ್‌ನ ಅಭ್ಯಾಸದ ಬೀಸು ಇವೆಲ್ಲ ಪಟ್ಟಿಯಿಂದ ಹೊರಗುಳಿಯುತ್ತವೆ.

ಎಲ್ಲಿಯ ವೇಗ ಎನ್ನುವುದು ಇನ್ನೊಂದು ಗೊಂದಲ. ಗಾಳಿಯ ತಡೆಯಿಂದ ಚೆಂಡು ಪ್ರತಿ ಏಳಡಿಗೆ ಸುಮಾರು ಒಂದು ಮೈಲಿ ಕಳೆದುಕೊಳ್ಳುತ್ತದೆ. ಕೈಬಿಟ್ಟಾಗ 95 ಇದ್ದದ್ದು ಪ್ಲೇಟಿನಲ್ಲಿ 87. ಇವತ್ತು ಎಲ್ಲರೂ ಮಾತಾಡುವುದು ಕೈಬಿಟ್ಟ ಕ್ಷಣದ ವೇಗವನ್ನೇ. ಮೊದಲು ಹೀಗಿರಲಿಲ್ಲ. ಬೇಸ್‌ಬಾಲಿಗೆ ಈ ಯಂತ್ರ ತಂದವರೇ ಒಬ್ಬ ಕಾಲೇಜು ಕೋಚ್: ಮಿಷಿಗನ್ ಸ್ಟೇಟ್‌ನ ಡ್ಯಾನಿ ಲಿಟ್‌ವೈಲರ್, 1970ರ ದಶಕದಲ್ಲಿ, ಪೊಲೀಸರ ರಾಡಾರನ್ನು ನೋಡಿ. ಆಮೇಲೆ ಬಂದ ಜಗ್ಸ್ ಕಂಪನಿಯ ಗನ್ ಕೈಬಿಟ್ಟ ಹತ್ತಿರದ ವೇಗ ಓದಿದರೆ, ಎದುರಾಳಿ ಕಂಪನಿಯದು ಪ್ಲೇಟಿನ ಹತ್ತಿರದ್ದನ್ನು ಓದುತ್ತಿತ್ತು. ಸ್ಕೌಟ್‌ಗಳು ಒಂದಕ್ಕೆ 'ಫಾಸ್ಟ್ ಗನ್', ಇನ್ನೊಂದಕ್ಕೆ 'ಸ್ಲೋ ಗನ್' ಎಂದು ಹೆಸರಿಟ್ಟರು. ಹಳೆಯ ಪಿಚರ್‌ಗಳ ಸಂಖ್ಯೆಗಳನ್ನು ಈಗಿನ ಹುಡುಗರ ಪಕ್ಕ ಇಟ್ಟು ಜಗಳವಾಡುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು: ಎಲ್ಲಿಯ ವೇಗ?

ಇನ್ನು ಎರಡು ಯಂತ್ರಗಳ ಹೋಲಿಕೆ. ಪಾಕೆಟ್ ರಾಡಾರ್‌ನ ಅಗ್ಗದ ಮಾದರಿ ಬಾಲ್ ಕೋಚ್‌ನಲ್ಲಿ ಪ್ರತಿ ಎಸೆತಕ್ಕೂ ಗುಂಡಿ ಒತ್ತಬೇಕು. ಚೆಂಡು ಕೈಬಿಡುವ ಮುಂಚೆಯೇ ಒತ್ತಿದ್ದರೆ ಸರಿ. ಅರೆಕ್ಷಣ ತಡವಾದರೆ ಆಗಲೇ ನಿಧಾನಗೊಂಡ ಚೆಂಡನ್ನು ಓದಿ ಎರಡು ಮೂರು ಮೈಲಿ ಕಡಿಮೆ ತೋರಿಸುತ್ತದೆ. ನೂರು ಎಸೆತದ ಪಂದ್ಯದಲ್ಲಿ ಬೆರಳು ಆಲಸ್ಯ ಮಾಡದೆ ಇರುವುದಿಲ್ಲ. ಸ್ಮಾರ್ಟ್ ಕೋಚ್‌ಗೆ ಈ ತಾಪತ್ರಯವಿಲ್ಲ. ಟ್ರೈಪಾಡ್ ಮೇಲೆ ಕೂರಿಸಿ ಸದಾ ಓದುವ ಸ್ಥಿತಿಯಲ್ಲಿಟ್ಟರೆ ಪ್ರತಿ ಎಸೆತವೂ ಫೋನಿನ ಆ್ಯಪ್‌ಗೆ ಇಳಿಯುತ್ತದೆ, ವಿಡಿಯೊ ಮೇಲೆಯೇ ವೇಗ ಮೂಡುತ್ತದೆ. ಎರಡರ ನಿಖರತೆಯೂ ಒಂದು ಮೈಲಿ ಆಚೆ ಈಚೆ. ಎರಡಕ್ಕೂ ಎರಡೆರಡು ಎಎಎ ಬ್ಯಾಟರಿ ಬೇಕು. ಕಾಲೇಜು ಋತು ಶುರುವಾಗುವ ಫೆಬ್ರವರಿ ಮಧ್ಯದ ಚಳಿಯಲ್ಲಿ ಸಾಮಾನ್ಯ ಆಲ್ಕಲೈನ್ ಬ್ಯಾಟರಿ ಬೇಗ ಸೋಲುತ್ತದೆ, ಆದ್ದರಿಂದ ಸ್ಮಾರ್ಟ್ ಕೋಚ್‌ಗೆ ಯುಎಸ್‌ಬಿ ಪವರ್‌ಬ್ಯಾಂಕ್ ಜೋಡಿಸಿಡುವುದೇ ಕ್ಷೇಮ. ದೂರ ಹೆಚ್ಚಾದಷ್ಟೂ ಇದು ಎಸೆತಗಳನ್ನು ಕಳೆದುಕೊಳ್ಳುತ್ತದೆ. ಪ್ಲೇಟಿನ ಹಿಂದಿನ ಬ್ಯಾಕ್‌ಸ್ಟಾಪ್ ಬಲೆಯ ಹತ್ತಿರವೇ ಇದರ ಜಾಗ, ದೊಡ್ಡ ಕ್ರೀಡಾಂಗಣದ ಮೇಲಿನ ಸಾಲಿನಲ್ಲಿ ಇದರ ಆಟ ನಡೆಯುವುದಿಲ್ಲ. ನೈಲಾನ್ ಬಲೆ ಅಡ್ಡಿಯಲ್ಲ. ಕಬ್ಬಿಣದ ಜಾಲರಿಯಾದರೆ ಯಂತ್ರದ ಮೂತಿಯನ್ನು ಜಾಲರಿಯ ಕಿಂಡಿಗೆ ಒತ್ತಿ ಇಡಬೇಕು.

ಸ್ಟಾಕರ್‌ಗೆ ಹಿಡಿಕೆಯಲ್ಲೇ ಮರುಚಾರ್ಜ್ ಆಗುವ ಬ್ಯಾಟರಿ, ಪಾಕೆಟ್ ರಾಡಾರ್‌ಗಿಂತ ಎಷ್ಟೋ ದೂರದ ಹಿಡಿತ, ಬಿಡುಗಡೆಯ ವೇಗ ಮತ್ತು ಪ್ಲೇಟಿನ ವೇಗ ಎರಡನ್ನೂ ತೋರಿಸುವ ಪರದೆ. ಗಟ್ಟಿಮುಟ್ಟು. ಮೂರು ಗಂಟೆ ಎತ್ತಿ ಹಿಡಿದರೆ ಮಣಿಕಟ್ಟು ಮಾತಾಡುತ್ತದೆ. ಕೆಲಸದ ಗುಣದಲ್ಲಿ ಇದೇ ಮೇಲು, ಅನುಮಾನವಿಲ್ಲ. ಆದರೆ ಪಿಚರ್‌ಗಳು ಅಭ್ಯಾಸ ಮಾಡುವ ಬುಲ್‌ಪೆನ್‌ನಲ್ಲಿ ಕ್ಯಾಚರ್ ಹಿಂದೆ ನಿಂತು ಒಬ್ಬನ ಎಸೆತ ಅಳೆಯುವವನಿಗೆ ಈ ಹೆಚ್ಚುವರಿ ಗುಣ ಉಪಯೋಗಕ್ಕೆ ಬರುವುದೇ ಇಲ್ಲ.

ಅಳೆದದ್ದನ್ನು ಬರೆದಿಡುವ ರೀತಿ ಯಂತ್ರದ ಆಯ್ಕೆಗಿಂತ ಮುಖ್ಯ. ಕಾರ್ಡಿನಲ್ಲಿ ಪ್ರತಿ ಎಸೆತಕ್ಕೂ ನಾಲ್ಕು ವಿವರ ಬೇಕು: ಇನ್ನಿಂಗ್ಸ್, ಎಸೆತದ ಬಗೆ, ವೇಗ, ಬೇಸ್ ಮೇಲೆ ಓಟಗಾರ ಇದ್ದನೇ ಇಲ್ಲವೇ. ಕೊನೆಯದನ್ನು ಹೆಚ್ಚಿನವರು ಬಿಡುತ್ತಾರೆ. ಓಟಗಾರ ಇದ್ದಾಗ ಪಿಚರ್ ಪೂರ್ಣ ವೈಂಡಪ್ (ಮೈ ತಿರುಗಿಸಿ ಎಸೆಯುವ ಉದ್ದನೆಯ ಕ್ರಮ) ಬಿಟ್ಟು ಸ್ಟ್ರೆಚ್‌ನಿಂದ (ಚುಟುಕಾದ ಕ್ರಮದಿಂದ) ಎಸೆಯುತ್ತಾನೆ. ಅಲ್ಲಿ ಒಂದೆರಡು ಮೈಲಿ ಬಿದ್ದರೆ ವೃತ್ತಿಪರ ಮಟ್ಟದಲ್ಲಿ ತೊಂದರೆ ಕಾದಿದೆ ಎಂದರ್ಥ. ಸ್ಕೌಟ್‌ಗಳು ಒಬ್ಬನನ್ನು '92–94ರಲ್ಲಿ ಕೂರುತ್ತಾನೆ, 96 ಮುಟ್ಟುತ್ತಾನೆ' ಎಂದು ಬರೆಯುತ್ತಾರೆ. ಕೂರುವ ಸಂಖ್ಯೆಗೆ ಬೆಲೆ, ಮುಟ್ಟಿದ ಸಂಖ್ಯೆ ಬರೀ ಅಲಂಕಾರ. ಮೊದಲ ಇನ್ನಿಂಗ್ಸ್‌ನಲ್ಲಿ 95, ಆರನೆಯದರಲ್ಲಿ 90 ಎಂದಾದರೆ ಅವನನ್ನು ರಿಲೀವರ್ (ಪಂದ್ಯದ ನಡುವೆ ಬರುವ ಪಿಚರ್) ಪಟ್ಟಿಗೆ ಸೇರಿಸುತ್ತಾರೆ. ಆರನೆಯದರಲ್ಲೂ 93 ಇದ್ದರೆ ಸ್ಟಾರ್ಟರ್, ಅಂದರೆ ಪಂದ್ಯ ಶುರುಮಾಡುವವನು. ಫಾಸ್ಟ್‌ಬಾಲ್‌ಗೂ ಅದರಂತೆಯೇ ಕಂಡು ನಿಧಾನವಾಗಿ ಬರುವ ಚೇಂಜ್‌ಅಪ್‌ಗೂ ನಡುವಿನ ಅಂತರ ಎಂಟರಿಂದ ಹತ್ತು ಮೈಲಿ ಇದೆಯೇ ಎಂಬುದೂ ಇದೇ ಕಾರ್ಡಿನಲ್ಲಿ ಕಾಣುತ್ತದೆ. ಗನ್ ಕೊಂಡವರು ಫಾಸ್ಟ್‌ಬಾಲನ್ನಷ್ಟೇ ಅಳೆದು ಚೇಂಜ್‌ಅಪ್ ಬಂದಾಗ ಫೋನ್ ನೋಡುತ್ತಾ ಕೂರುವುದು ದುಡ್ಡು ದಂಡ ಮಾಡುವ ಸುಲಭ ವಿಧಾನ.

ಈ ಸಂಖ್ಯೆಗಳು ಯಾವಾಗ ತೂಗುತ್ತವೆ? ನಾಲ್ಕು ವರ್ಷದ ಕಾಲೇಜು ಸೇರಿದವನು ಮೂರನೇ ವರ್ಷ ಮುಗಿಸಿದಾಗ ಇಲ್ಲವೇ 21 ತುಂಬಿದಾಗ ಮೇಜರ್ ಲೀಗ್ (ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗ್) ಡ್ರಾಫ್ಟ್‌ಗೆ ಅರ್ಹ. ಎರಡು ವರ್ಷದ ಜೂನಿಯರ್ ಕಾಲೇಜಿನವನು ಪ್ರತಿ ವರ್ಷವೂ ಅರ್ಹ. ಡ್ರಾಫ್ಟ್ ಜುಲೈನಲ್ಲಿ. 2019ರಲ್ಲಿ 40 ಸುತ್ತು ಇದ್ದದ್ದು 2021ರಿಂದ 20ಕ್ಕೆ ಇಳಿದಿದೆ. ಹಾಗಾಗಿ ಎರಡನೇ ವರ್ಷದ ಬೇಸಿಗೆಯಲ್ಲಿ, ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಲೀಗ್‌ನಲ್ಲಿ ಮರದ ಬ್ಯಾಟುಗಳ ಎದುರು ಎಸೆದ ಆ ಕೆಲವು ವಾರಗಳೇ ಮುಂದಿನ ವಸಂತಕ್ಕೆ ಯಾರು ನೋಡಲು ಬರುತ್ತಾರೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುತ್ತವೆ. ಮೊದಲು ಪ್ರದೇಶದ ಸ್ಕೌಟ್, ಆತ ಬರೆದದ್ದು ಹಿಡಿಸಿದರೆ ಅದನ್ನು ಮರುಪರಿಶೀಲಿಸುವ ಕ್ರಾಸ್‌ಚೆಕರ್, ಆಮೇಲೆ ಸ್ಕೌಟಿಂಗ್ ನಿರ್ದೇಶಕ. ಮೂರನೇ ವರ್ಷದವನಿಗೆ 'ಮತ್ತೊಂದು ವರ್ಷ ಓದುತ್ತೇನೆ' ಎನ್ನುವ ಪಟ್ಟು ಇರುತ್ತದೆ. ನಾಲ್ಕನೇ ವರ್ಷ ಮುಗಿಸಿದವನಿಗೆ ಅದಿಲ್ಲ, ತಂಡಗಳು ಅವನಿಗೆ ಪುಡಿಗಾಸು ಕೊಟ್ಟು ಉಳಿಸಿದ ಹಣವನ್ನು ಬೇರೆಯವನ ಬೋನಸ್‌ಗೆ ಹಾಕುತ್ತವೆ. ಹತ್ತನೇ ಸುತ್ತಿನ ನಂತರ 1,50,000 ಡಾಲರ್‌ವರೆಗಿನ ಬೋನಸ್ ತಂಡದ ಒಟ್ಟು ಬೋನಸ್ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಡ್ರಾಫ್ಟ್‌ನಲ್ಲಿ ಹೆಸರು ಬಾರದವನನ್ನೂ ಅಷ್ಟರವರೆಗೆ ಕೊಟ್ಟು ಆ ಲೆಕ್ಕದ ಹೊರಗೆ ಸೇರಿಸಿಕೊಳ್ಳಬಹುದು.

ತುದಿಯಲ್ಲಿ ನಿಂತವರಿಗೆ ಕೈಗನ್ ಬೇಕಿಲ್ಲ. ಪಾಲ್ ಸ್ಕೀನ್ಸ್ ಏರ್ ಫೋರ್ಸ್ ಅಕಾಡೆಮಿಯಿಂದ ಲೂಸಿಯಾನಾ ಸ್ಟೇಟ್‌ಗೆ ಬಂದು 2023ರಲ್ಲಿ 209 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ನಿಂದ ಬ್ಯಾಟ್ಸ್‌ಮನ್ ಔಟ್) ಪಡೆದಾಗ, ನೂರರ ಎಸೆತಗಳನ್ನು ನೋಡಲು ಎಲ್ಲರೂ ತಾವಾಗಿಯೇ ಬಂದರು. ಪಿಟ್ಸ್‌ಬರ್ಗ್ ತಂಡ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆರಿಸಿ 92 ಲಕ್ಷ ಡಾಲರ್ ಕೊಟ್ಟಿತು. ಇನ್ನೊಂದು ತುದಿಯಲ್ಲಿ ಗನ್ನಿನ ಮಾತೇ ಕೊನೆಯಾಗಿದ್ದರೆ ಉಳಿಯದ ಹೆಸರೊಂದಿದೆ. ಡಾರ್ಟ್‌ಮತ್ ಕಾಲೇಜಿನ ಕೈಲ್ ಹೆಂಡ್ರಿಕ್ಸ್‌ನನ್ನು 2011ರಲ್ಲಿ ಟೆಕ್ಸಸ್ ಎಂಟನೇ ಸುತ್ತಿನಲ್ಲಿ ಆರಿಸಿತು. ಮೇಜರ್ ಲೀಗ್‌ನಲ್ಲಿ 90ರ ಕೆಳಗಿನ ಫಾಸ್ಟ್‌ಬಾಲ್ ಇಟ್ಟುಕೊಂಡೇ 2016ರಲ್ಲಿ 2.13ರ ಇಆರ್‌ಎಯೊಂದಿಗೆ (ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ಸರಾಸರಿ ರನ್, ಕಡಿಮೆಯಿದ್ದಷ್ಟೂ ಒಳ್ಳೆಯದು) ಆತ ಇಡೀ ಲೀಗಿಗೆ ಮೊದಲಿಗನಾದ. ಈ ಇಬ್ಬರ ನಡುವೆ ಇರುವ ನೂರಾರು ಹುಡುಗರಿಗೇ ಒಂದು ಗನ್, ಒಂದು ಶುದ್ಧ ಕಾರ್ಡು ಕೆಲಸಕ್ಕೆ ಬರುವುದು.

ಗನ್ ಕಾಣದ ಸಂಗತಿಗಾಗಿಯೇ ರ‍್ಯಾಪ್ಸೋಡೊ, ಟ್ರ್ಯಾಕ್‌ಮನ್‌ಗಳಿವೆ. ಒಂದೇ 93ರ ಇಬ್ಬರಲ್ಲಿ ಒಬ್ಬನ ಚೆಂಡು ಬ್ಯಾಟ್ ಮೇಲಿಂದ ಜಾರಿ ಹೋಗುತ್ತದೆ, ಇನ್ನೊಬ್ಬನದು ಬ್ಯಾಟಿನ ನಡುಮಧ್ಯಕ್ಕೆ ಸಿಗುತ್ತದೆ. ಕಾರಣ ತಿರುಗುವ ಅಕ್ಷ. ನಿಮಿಷಕ್ಕೆ 2,400 ಸುತ್ತು ತಿರುಗುವ ಚೆಂಡಿನಲ್ಲಿ 95% ಉಪಯುಕ್ತ ಸುತ್ತಾದರೆ 2,280 ಸುತ್ತು ಚೆಂಡನ್ನು ಬೀಳದಂತೆ ಎತ್ತಿ ಹಿಡಿಯುತ್ತದೆ. 75% ಆದರೆ 1,800 ಮಾತ್ರ, ಉಳಿದದ್ದು ಬಂದೂಕಿನ ಗುಂಡಿನ ಹಾಗೆ ಸುಮ್ಮನೆ ಸುತ್ತುವುದು. ನೇರ ಫಾಸ್ಟ್‌ಬಾಲ್‌ಗೆ ಸುಮಾರು 16 ಇಂಚಿನ ಲಂಬ ಎತ್ತುವಿಕೆ (ಸುತ್ತಿನಿಂದಾಗಿ ಚೆಂಡು ಬೀಳದೆ ಉಳಿಯುವಷ್ಟು) ಸಾಧಾರಣ, 18 ದಾಟಿದರೆ ಸ್ಕೌಟ್ ಎರಡನೇ ಸಲ ನೋಡುತ್ತಾನೆ. ಕ್ಲೆಮ್‌ಸನ್‌ನ ಸ್ಪೆನ್ಸರ್ ಸ್ಟ್ರೈಡರ್ ಶಸ್ತ್ರಚಿಕಿತ್ಸೆಯಿಂದ 2019 ಪೂರ್ತಿ ಕಳೆದುಕೊಂಡು, 2020ರ ಮೊಟಕಾದ ಋತುವಿನಲ್ಲಿ ಎಸೆದದ್ದು 12 ಇನ್ನಿಂಗ್ಸ್. ಆದರೂ ಐದೇ ಸುತ್ತಿನ ಆ ಡ್ರಾಫ್ಟ್‌ನಲ್ಲಿ ನಾಲ್ಕನೆಯದರಲ್ಲಿ ಅಟ್ಲಾಂಟಾ ಆರಿಸಿತು. 2023ರಲ್ಲಿ ಆತನ ಸ್ಟ್ರೈಕ್‌ಔಟ್ 281. ಅಷ್ಟು ಕಡಿಮೆ ಪಂದ್ಯಗಳಿದ್ದಾಗ ಅಂಕಪಟ್ಟಿ ಏನನ್ನೂ ಹೇಳುವುದಿಲ್ಲ, ಚೆಂಡಿನ ಗುಣ ಹೇಳುತ್ತದೆ. ಇಂಥ ಅಳತೆಯ ಘಟಕ ದೊಡ್ಡ ಕಾಲೇಜುಗಳಲ್ಲಿ ಇದ್ದೇ ಇರುತ್ತದೆ. ಇಲ್ಲದವರು ತಿಂಗಳಿಗೊಮ್ಮೆ ತರಬೇತಿ ಕೇಂದ್ರದಲ್ಲಿ ಗಂಟೆ ಲೆಕ್ಕಕ್ಕೆ ಬಳಸಿದರೆ ಸಾಕು. ಪಂದ್ಯದಲ್ಲಿ ಬಳಸುವ ಚೆಂಡನ್ನೇ ಒಯ್ಯಿರಿ. ಕಾಲೇಜು ಚೆಂಡಿನ ಹೊಲಿಗೆಯನ್ನು 2015ರಲ್ಲಿ ತಗ್ಗಿಸಿದ್ದೇ ಎಸೆತದ ನಡೆ ಬದಲಿಸಿತು. ಹೊಲಿಗೆ ಎದ್ದ ಅಭ್ಯಾಸದ ಚೆಂಡಿನಲ್ಲಿ ಬಂದ ಕರ್ವ್‌ಬಾಲ್ ಅಳತೆ ಪಂದ್ಯಕ್ಕೆ ಹೊಂದುವುದಿಲ್ಲ.

ಈ ಸಾಮಾನುಗಳ ಜೊತೆ ಮಾರುವ ದೊಡ್ಡ ಎಲ್‌ಇಡಿ ಫಲಕದ ಬಗ್ಗೆ ಮಾತ್ರ ನೇರ ಮಾತು: ಕೊಳ್ಳಬೇಡಿ. ಪಂದ್ಯವಾಡಿದ ಎರಡು ಮೂರು ದಿನದ ನಂತರ ಪಿಚರ್ 25–30 ಎಸೆತದ ಹಗುರ ಬುಲ್‌ಪೆನ್ ಅಭ್ಯಾಸ ಮಾಡುತ್ತಾನೆ, ಪೂರ್ತಿ ಬಲ ಹಾಕಬಾರದ ದಿನ ಅದು. ಎದುರಿಗೆ ಕೆಂಪಂಕಿ ಹೊಳೆಯುತ್ತಿದ್ದರೆ 86 ನೋಡಿ ಸುಮ್ಮನಿರುವ ಇಪ್ಪತ್ತರ ಹುಡುಗ ಹುಟ್ಟಿಲ್ಲ. ಹತ್ತನೇ ಎಸೆತಕ್ಕೇ 92 ಹಾಕಿರುತ್ತಾನೆ. ಮೊಣಕೈ ಒಳಬದಿಯ ಅಸ್ಥಿಬಂಧಕ್ಕೆ ಬೇಕಾದ ವಿರಾಮ ಅಲ್ಲಿಗೆ ಹೋಯಿತು. ಆ ಅಸ್ಥಿಬಂಧ ಹರಿದರೆ ಮಾಡುವ ಟಾಮಿ ಜಾನ್ ಶಸ್ತ್ರಚಿಕಿತ್ಸೆ 1974ರಿಂದ ಇದೆ, ಆದರೆ ಮತ್ತೆ ಪಂದ್ಯಕ್ಕೆ ಇಳಿಯಲು ವರ್ಷದಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಮೂರನೇ ವರ್ಷದ ಫೆಬ್ರವರಿಯಲ್ಲಿ ಇದಾದರೆ ಡ್ರಾಫ್ಟ್ ಲೆಕ್ಕಾಚಾರವೆಲ್ಲ ತಲೆಕೆಳಗು. ಮೇಜರ್ ಲೀಗ್ 2024ರ ಡಿಸೆಂಬರ್‌ನಲ್ಲಿ ಪಿಚರ್‌ಗಳ ಗಾಯದ ಬಗ್ಗೆ ಪ್ರಕಟಿಸಿದ ವರದಿಯೂ ವೇಗದ ಬೆನ್ನುಹತ್ತುವುದನ್ನು, ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕುವುದನ್ನು ಮುಖ್ಯ ಕಾರಣಗಳೆಂದೇ ಎತ್ತಿ ಹೇಳಿತು. ಸರಾಸರಿ ಫಾಸ್ಟ್‌ಬಾಲ್ 2008ರ 91.3ರಿಂದ 2024ಕ್ಕೆ 94.2ಕ್ಕೆ ಏರಿರುವುದು ಅದರಲ್ಲೇ ಇದೆ. ಗನ್ ಇಡುವುದಾದರೆ ಪರದೆ ಕ್ಯಾಚರ್ ಹಿಂದೆ ನಿಂತವನಿಗಷ್ಟೇ ಕಾಣಲಿ. ಹಗುರ ದಿನಗಳಲ್ಲಿ ಅದನ್ನು ಬಳಸುವ ರೀತಿಯೇ ತಿರುವುಮುರುವು: 87 ದಾಟಿದರೆ 'ನಿಧಾನ' ಎಂದು ಕೂಗಲು. ವೇಗಮಾಪಕದ ಅತ್ಯುತ್ತಮ ಉಪಯೋಗ ಇದೇ ಎಂದರೂ ತಪ್ಪಿಲ್ಲ.

ವಿಡಿಯೊ ಕಳಿಸುವವರಿಗೆ ಎರಡು ಮಾತು. ತಂಡ ಬದಲಿಸಲು ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೆಸರು ಕೊಟ್ಟಾಗ, ಅಥವಾ 2021ರಲ್ಲಿ ಶುರುವಾದ, ಡ್ರಾಫ್ಟ್‌ಗೆ ಕಾಯುವವರು ಆಡುವ ಡ್ರಾಫ್ಟ್ ಲೀಗ್‌ನಲ್ಲಿ ಜಾಗ ಕೇಳುವಾಗ, ಅತಿವೇಗದ ಎಂಟು ಎಸೆತ ಅಂಟಿಸಿ ಹಾಡು ಹಾಕಿದ ತುಣುಕು ಕಸದ ಬುಟ್ಟಿಗೆ ಹೋಗುತ್ತದೆ. ಕತ್ತರಿಸದ ಒಂದು ಪೂರ್ತಿ ಇನ್ನಿಂಗ್ಸ್ ಇರಲಿ, ಅದೂ ಐದನೆಯದೋ ಆರನೆಯದೋ ಆಗಿರಲಿ. ಜೊತೆಗೆ ದಿನಾಂಕ, ಎದುರಾಳಿ, ಗನ್ ಎಲ್ಲಿತ್ತು ಎಂಬ ಒಂದು ಸಾಲು.

ಸಹಿ ಹಾಕಿ ವೃತ್ತಿಪರನಾದ ದಿನದಿಂದ ಈ ಯಂತ್ರದ ಕೆಲಸ ಮುಗಿಯಿತು. ಫ್ಲೋರಿಡಾ, ಅರಿಜೋನಾ ಶಿಬಿರಗಳಿಂದ ಮೇಜರ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಟ್ರಿಪಲ್-ಎವರೆಗೆ ಅಳೆಯುವುದು ತಂಡದ ಕೆಲಸ. ಮೇಜರ್ ಲೀಗ್ ಮೈದಾನಗಳಲ್ಲಿ 2020ರಿಂದ ಹಾಕ್-ಐ ಕ್ಯಾಮೆರಾಗಳೇ ಇವೆ. ಸಂಬಳ ಮಾತ್ರ ಅಲ್ಲಿಯೂ ಬೇಗ ಏರುವುದಿಲ್ಲ: 2023ರ ಒಪ್ಪಂದದಲ್ಲಿ ಕೆಳಹಂತದ ಸಿಂಗಲ್-ಎ ಆಟಗಾರನಿಗೆ ವರ್ಷಕ್ಕೆ ಕನಿಷ್ಠ 26,200 ಡಾಲರ್, ಟ್ರಿಪಲ್-ಎಯಲ್ಲಿ 35,800. ಅದೇ ಮೇಜರ್ ಲೀಗ್‌ನ 2026ರ ಕನಿಷ್ಠ 7,80,000. ಹಾಗಾಗಿ 400 ಡಾಲರಿನ ಯಂತ್ರ ಕೊಳ್ಳುವುದಿದ್ದರೆ ಮೊದಲ ವರ್ಷದ ಶರತ್ಕಾಲದಲ್ಲೇ ಕೊಳ್ಳಿ, ಮೂರು ಋತುವಿನ ಕಾರ್ಡುಗಳು ಕೈಯಲ್ಲಿರುತ್ತವೆ. ಮೂರನೇ ವರ್ಷದ ಏಪ್ರಿಲ್‌ನಲ್ಲಿ ಕೊಳ್ಳಲು ಹೊರಟವರು ಆ ಹಣವನ್ನು ಬೇಸಿಗೆ ಲೀಗ್‌ನ ಪ್ರಯಾಣಕ್ಕೆ ಇಟ್ಟುಕೊಳ್ಳಲಿ. ಅಷ್ಟು ಹೊತ್ತಿಗೆ ಬಲೆಯ ಹಿಂದೆ ಕುಳಿತವರ ಕಾರ್ಡುಗಳು ತುಂಬಿಯಾಗಿರುತ್ತವೆ.